ಇಲ್ಲ ಅನ್ನಬಾರದ ಹೊತ್ತು

“ಕೋಪ ಮಾಡ್ಕೋಬೇಡಿ ಮೇಡಂ” ಎಂದು ಶುರುವಾಗುವ ಹೇಮಂತನ ವಾಯ್ಸ್ ಮೆಸೇಜನ್ನು ಸರ್ವಮಂಗಳಾ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ನಿಂತುಕೊಂಡು ಮತ್ತೊಮ್ಮೆ ಕೇಳಿದಳು. ಮೊದಲು ಕೋಪವೇನೂ ಇರಲಿಲ್ಲ, ಮಾಡ್ಕೋಬೇಡಿ ಅಂದ ಮೇಲೆ ಬಂತು, ಈಗ ಮೈಯೆಲ್ಲ ಉರಿಯುತ್ತಿತ್ತು. ಹೇಮಂತ್ ಅವಳ ಪಿಎಚ್‌ಡಿ ಗೈಡು. ವಯಸ್ಸಿನಲ್ಲಿ ಅವಳ ತಮ್ಮನಂತಿರಬೇಕಾದವನು, ಮಾತಿಗೆ ನಿಂತರೆ ಊರ ಯಜಮಾನ. “ನಿಮ್ಮ ಮೂರನೇ ಮಾಡೆಲ್ ನೋಡ್ದೆ. ತುಂಬಾ ಶ್ರಮ ಹಾಕಿದೀರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಾವು ಎರಡನೇದನ್ನೇ ಇಟ್ಕೊಳೋಣ, ಕ್ಲೀನಾಗಿದೆ. ಸಾಯಂಕಾಲ ಟ್ರಸ್ಟಿನವರ ಮುಂದೆ ನೀವು ಸುಮ್ನೆ ಕೂತಿರಿ, ಮಿಕ್ಕಿದ್ದು ನಾನು ನೋಡ್ಕೋತೀನಿ.” ಸುಮ್ಮನೆ ಕೂತಿರಬೇಕಂತೆ. ಕವಲಂದೆಯಿಂದ ಮುಡುಕುತೊರೆಯವರೆಗೆ ಅಲೆದವಳು ಅವಳು, ನಾಯಿ ಅಟ್ಟಿಸಿಕೊಂಡು ಬಂದಾಗ ಗದ್ದೆ ಬದುವಿನ ಮೇಲೆ ಚಪ್ಪಲಿ ಬಿಟ್ಟು ಓಡಿದವಳು ಅವಳು, ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕೂತು ಕಂಪ್ಯೂಟರಿನ ಗುಂಡಿ ಒತ್ತಿದವನು ಅವನು. ಟಿ. ನರಸೀಪುರದ ಬಸ್ಸು ಬಂತು. ಯಾರೋ ಗಂಡಸು ಕಿಟಕಿಯಿಂದ ಟವಲು ಹಾಕಿ ಸೀಟು ಹಿಡಿದಿದ್ದ. ಅವಳು ಆ ಟವಲನ್ನು ತೆಗೆದು ಅವನ ಕೈಗೇ ಕೊಟ್ಟು ಅಲ್ಲಿ ಕೂತಳು. ಅವನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಇವತ್ತು ತೀರ್ಮಾನವಾಗಬೇಕಾದದ್ದು ಒಂದೇ: ಟಿ. ನರಸೀಪುರದ ಆ ಕೋಣೆ ಉಳಿಯುತ್ತದೋ ಮುಚ್ಚುತ್ತದೋ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೈಸೂರಿನ ಟ್ರಸ್ಟೊಂದು ಬಾಡಿಗೆಗೆ ಹಿಡಿದಿರುವ ಮನೆ ಅದು. ಹೊರಗೆ ‘ಹೊಲಿಗೆ ತರಬೇತಿ ಕೇಂದ್ರ’ ಎಂದು ಬೋರ್ಡು, ಮುಂದಿನ ಹಜಾರದಲ್ಲಿ ಹೊಲಿಗೆ ಮೆಷಿನ್ನುಗಳು. ಹಿಂದೆ, ಮೊದಲು ಅಡಿಗೆಮನೆಯಾಗಿದ್ದ ಕೋಣೆಯಲ್ಲಿ, ಒಂದು ಚಾಪೆ, ಎರಡು ಕುರ್ಚಿ, ಮತ್ತು ಬಂದವರ ಮಾತು ಕೇಳಿಸಿಕೊಂಡು ಸಮಾಧಾನ ಹೇಳುವ ನಾಗರತ್ನ. ಮನಸ್ಸು ಸರಿಯಿಲ್ಲ ಅಂತ ಹೇಳಿ ಯಾವ ಹೆಂಗಸೂ ಮನೆಯಿಂದ ಹೊರಬೀಳುವ ಹಾಗಿಲ್ಲ. ರವಿಕೆ ಹೊಲಿಯೋದು ಕಲಿತೀನಿ ಅಂದರೆ ಅತ್ತೆಯೂ ಹೂಂ ಅನ್ನುತ್ತಾಳೆ, ಟೈಲರಿಗೆ ಕೊಡುವುದು ಉಳಿಯುತ್ತದಲ್ಲ. ಹಾಗೆ ಬಂದವರು ಒಂದಷ್ಟು ಹೊತ್ತು ಮೆಷಿನ್ನು ತುಳಿಯುತ್ತಾರೆ, ಆಮೇಲೆ ಹಿಂದಕ್ಕೆ ಹೋಗಿ ಅಳುತ್ತಾರೆ. ಈ ಕೋಣೆ ಇಲ್ಲೇ ಬೇಕೋ, ಇನ್ನೂ ಕಷ್ಟವಿರುವ ಬೇರೆ ಜಿಲ್ಲೆಗೆ ಹೋಗಬೇಕೋ ಎಂದು ಟ್ರಸ್ಟಿನವರಿಗೆ ಯೋಚನೆ ಬಂದಿತ್ತು. ಎರಡು ತಾಲ್ಲೂಕಿನ ಹೆಂಗಸರ ಮನಸ್ಸು ಅಳೆದು ವರದಿ ಕೊಡಿ ಎಂದು ಹೇಮಂತನನ್ನು ಕೇಳಿದ್ದರು, ಅವನು ಅದನ್ನೇ ಅವಳ ಪಿಎಚ್‌ಡಿ ವಿಷಯವೆಂದು ಅವಳ ಕೊರಳಿಗೆ ಕಟ್ಟಿದ್ದ. ಮನಸ್ಸು ಅಳೆಯುವ ಪ್ರಶ್ನೆಗಳು ನಿಜವಾಗಿ ಮನಸ್ಸನ್ನೇ ಅಳೆಯುತ್ತವೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ.

ಅವಳ ತಂಗಿ ಬಿಂದುಶ್ರೀ ಪ್ರತಿ ಗುರುವಾರ ಆ ಕೋಣೆಗೆ ಹೋಗುತ್ತಾಳೆ. ಇದು ಹೇಮಂತನಿಗೆ ಗೊತ್ತಿಲ್ಲ, ಟ್ರಸ್ಟಿನವರಿಗೂ ಗೊತ್ತಿಲ್ಲ, ನಾಗರತ್ನಳಿಗೆ ಮಾತ್ರ ಗೊತ್ತು. ಬಿಂದುವಿನ ಗಂಡ ಅಮೃತೇಶ ಟಿ. ನರಸೀಪುರದಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇಟ್ಟಿರುವವನು. ಲಿಂಗಪೂಜೆಯಾಗದೆ ಕಾಫಿ ಮುಟ್ಟುವವನಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಬಂಗಾರದಂಥ ಅಳಿಯ ಎಂದು ಬಿಳಿಗೆರೆಯ ತವರುಮನೆಯಲ್ಲಿ ಅಪ್ಪ ಹೋದಲ್ಲಿ ಬಂದಲ್ಲಿ ಹೇಳುತ್ತಾನೆ. ಹೊಡೆಯುವುದಿಲ್ಲ ಅನ್ನುವುದು ನಿಜ. ಚಿವುಟುತ್ತಾನೆ. ತೋಳಿನ ಒಳಭಾಗದಲ್ಲಿ, ರವಿಕೆ ಮುಚ್ಚುವ ಕಡೆ, ಮಾಂಸ ಮೆತ್ತಗಿರುವ ಜಾಗ ನೋಡಿಕೊಂಡು. ಮದುವೆ ಮನೆಯಲ್ಲಿ ಪಕ್ಕದಲ್ಲಿ ನಗುತ್ತ ನಿಂತು ಫೋಟೋ ತೆಗೆಸಿಕೊಳ್ಳುವಾಗ, ಮಠದಲ್ಲಿ ಪ್ರಸಾದದ ಸಾಲಿನಲ್ಲಿ, ಅಂಗಡಿಗೆ ಬಂದ ಗಿರಾಕಿಗೆ ಯೂರಿಯಾ ಬೆಲೆ ಹೇಳುತ್ತ ಹೇಳುತ್ತಲೇ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಬಿಂದು ತವರಿನ ಹಿತ್ತಿಲಲ್ಲಿ ಕೂತ ದಿನ ಸರ್ವಮಂಗಳಾ ನೋಡಿದ್ದಳು. ನೀಲಿ, ಹಸಿರು, ಹಳದಿ. ಹಳೆಯದರ ಮೇಲೆ ಹೊಸದು. “ಯಾರಿಗೂ ಏಳ್ಬೇಡ ಅಕ್ಕ, ನಿಂಗೊಬ್ಳಿಗೇ” ಎಂದಿದ್ದಳು ಬಿಂದು. ಆ ಕೋಣೆಗೆ ದಾರಿ ತೋರಿಸಿದವಳು ಸರ್ವಮಂಗಳೆಯೇ. ಅವಳ ಪ್ರಶ್ನಾವಳಿಯಲ್ಲಿ ‘ನಿಮ್ಮ ಗಂಡ ಹೊಡೆಯುತ್ತಾರೆಯೇ’ ಎಂಬ ಒಂದು ಪ್ರಶ್ನೆ ಇದೆ. ಬಿಂದುವಿಗೆ ಅದನ್ನು ಕೇಳಿದರೆ ಇಲ್ಲ ಅನ್ನಬಹುದು, ಸುಳ್ಳೂ ಆಗುವುದಿಲ್ಲ. ಎಲ್ಲೋ ಪರದೇಶದಲ್ಲಿ ಕೂತು ಬರೆದವರ ಪ್ರಶ್ನೆ. ಅಲ್ಲಿನ ಗಂಡಸರು ಚಿವುಟುವುದಿಲ್ಲವೋ ಏನೋ, ಹಾಳಾಗಿ ಹೋಗಲಿ.

ಕಿಟಕಿಯಾಚೆ ಭತ್ತದ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಬೆನ್ನು ಬಗ್ಗಿಸಿ ಸಾಲಾಗಿ ನಿಂತ ಹೆಂಗಸರು. ಹಗಲು ಹೋದರೆ ಇವರು ಸಿಗುವುದಿಲ್ಲ ಎಂದು ಹೇಮಂತನಿಗೆ ಆಗಲೇ ಹೇಳಿದ್ದಳು. ವಯಸ್ಸಾದವರು ಗದ್ದೆಯಲ್ಲಿ, ವಯಸ್ಸಿನವರು ಗಾರ್ಮೆಂಟ್ಸಿನಲ್ಲಿ. ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಅವಳು ಕೇಳಿದ್ದೆಲ್ಲ ಮುಸ್ಸಂಜೆಯಲ್ಲಿ, ಹೊಸ್ತಿಲ ಹೊರಗೆ ನಿಂತು. ಕವಲಂದೆಯ ಮುತ್ತಮ್ಮ ಕೈಕಾಲು ತೊಳೆದು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. “ಮನೇಲಿ ನೆಮ್ಮದಿ ಇದೆಯಾ?” “ಅದೆ ಕಣವ್ವ.” “ರಾತ್ರಿ ನಿದ್ದೆ ಚೆನ್ನಾಗಿ ಬರ್ತದಾ?” “ಬತ್ತದೆ.” “ಹಸು ಹಾಲು ಕೊಡ್ತದಾ?” “ಕೊಡ್ತದೆ, ಯಾಕ್ ಕೊಡಕಿಲ್ಲ.” ಅವಳ ಬೆನ್ನ ಹಿಂದೆ ಕೊಟ್ಟಿಗೆ ಖಾಲಿ ಇತ್ತು. ಗೂಟದಲ್ಲಿ ಹಗ್ಗವೂ ಇರಲಿಲ್ಲ. ಹಸು ಸತ್ತು ಬಹಳ ದಿನವಾಯಿತು ಎಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. “ಅಳು ಬರ್ತದಾ?” “ಬತ್ತದೆ ಕಣವ್ವ.” “ಸತ್ತೋಗಬೇಕು ಅನ್ನಿಸ್ತದಾ?” ಆ ಹೆಂಗಸು ಹೊಸ್ತಿಲ ರಂಗೋಲಿಯನ್ನು ನೋಡುತ್ತ, ಒಳಗಿದ್ದವರಿಗೆ ಕೇಳಿಸದ ಹಾಗೆ, “ಒಂದೊಂದ್ ದಪ ಅನ್ನುಸ್ತದೆ” ಎಂದಿದ್ದಳು. ನೆಮ್ಮದಿಯೂ ಇದೆ, ಸಾಯಬೇಕೂ ಅನ್ನಿಸುತ್ತದೆ, ಸತ್ತ ಹಸು ಹಾಲೂ ಕೊಡುತ್ತದೆ.

ಇದು ಸರ್ವಮಂಗಳೆಗೆ ಗೊತ್ತಿಲ್ಲದ ಸಂಗತಿಯೇ? ಅವಳು ಹುಟ್ಟಿದ್ದೇ ಅಂಥ ಮನೆಯಲ್ಲಿ. ಅಕ್ಕಿ ಮುಗಿದರೆ ಮುಗಿಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಬಳೆ ಒಡೆದರೆ ಹೆಚ್ಚಿತು ಅನ್ನಬೇಕು. ದೀಪ ಆರಿಸು ಅಂದರೆ ಅವ್ವ ಬಾಯಿಗೆ ಹೊಡೆಯುತ್ತಿದ್ದಳು, ದೊಡ್ಡದು ಮಾಡು ಅನ್ನಬೇಕು. ಮುಸ್ಸಂಜೆಯಲ್ಲಂತೂ ಇಲ್ಲ ಎಂಬ ಮಾತೇ ಬಾಯಿಂದ ಬರಕೂಡದು. ಅಸ್ತು ದೇವತೆಗಳು ಓಡಾಡುವ ಹೊತ್ತು, ಇಲ್ಲ ಅಂದದ್ದನ್ನು ಕೇಳಿ ಅಸ್ತು ಅಂದುಬಿಟ್ಟರೆ ಇದ್ದದ್ದೂ ಹೋಯಿತು. ಪಕ್ಕದ ಮನೆಯವಳು ಉಪ್ಪು ಕೇಳಲು ಬಂದರೆ ಅವ್ವ ಇಲ್ಲ ಅನ್ನುತ್ತಿರಲಿಲ್ಲ, ಬೆಳಿಗ್ಗೆ ಬಾ ಅನ್ನುತ್ತಿದ್ದಳು. ಇಂಥವರ ಬಾಗಿಲಿಗೆ ಇಂಥ ಹೊತ್ತಿನಲ್ಲಿ ಹೋಗಿ ನೆಮ್ಮದಿ ಇದೆಯಾ ಎಂದು ಕೇಳಿದರೆ ಯಾವ ಮನೆಯ ಹೆಂಗಸು ಇಲ್ಲ ಅನ್ನುತ್ತಾಳೆ? ಕಣ್ಣೀರು ಬರುತ್ತದೆ ಅಂದರೆ ಅದು ನಿಜ, ಕೆಟ್ಟದ್ದನ್ನು ಯಾರೂ ಸುಮ್ಮಸುಮ್ಮನೆ ಬಾಯಲ್ಲಿ ಆಡುವುದಿಲ್ಲ. ಇದೆ ಅಂದದ್ದು ಮಾತ್ರ ಉತ್ತರವೇ ಅಲ್ಲ. ಅದು ಅನುಮಾನವಾಗಿಯೇ ಅವಳು ಹಸುವಿನದು, ಎಣ್ಣೆಯದು, ಮಳೆಬೆಳೆಯದು ಎಂದು ಮನಸ್ಸಿಗೆ ಸಂಬಂಧವೇ ಇಲ್ಲದ ಪ್ರಶ್ನೆಗಳನ್ನು ನಡುನಡುವೆ ಸೇರಿಸಿದ್ದಳು. ಲೆಕ್ಕ ಹಾಕಿದಾಗ ಅವೆಲ್ಲ ನೆಮ್ಮದಿಯ ಪ್ರಶ್ನೆಗಳ ಜೊತೆಯಲ್ಲೇ ಒಂದೇ ಗುಂಪಾಗಿ ಬಂದು ಕೂತವು. ಉತ್ತರಗಳ ಹಿಂದೆ ಏನಿದೆ ಎಂಬ ಊಹೆಗೆ ಲೆಕ್ಕದವರು ಮಾಡೆಲ್ ಅನ್ನುತ್ತಾರೆ. ಮೊದಲನೆಯ ಮಾಡೆಲ್ಲಿನಲ್ಲಿ ಎಲ್ಲ ಪ್ರಶ್ನೆಯೂ ಅಳೆಯುವುದು ಒಂದೇ ಸಂಕಟವನ್ನು. ಅದು ಕೂಡಿಬರಲಿಲ್ಲ, ಬಿದ್ದುಹೋಯಿತು. ಎರಡನೆಯದು ಹೇಮಂತನದು: ಸಂಕಟದ ಪ್ರಶ್ನೆಗಳ ಗುಂಪು ಒಂದು ಫ್ಯಾಕ್ಟರ್, ನೆಮ್ಮದಿಯದು ಇನ್ನೊಂದು. ಮೂರನೆಯದು ಅವಳದು: ಇರುವುದು ಸಂಕಟ ಒಂದೇ, ಇನ್ನೊಂದು ಗುಂಪು ನೆಮ್ಮದಿಯಲ್ಲ, ಇದೆ ಅನ್ನುವ ರೂಢಿ. ಎರಡನೆಯದೂ ಮೂರನೆಯದೂ ಹೆಚ್ಚುಕಡಿಮೆ ಒಂದೇ ಹಾಗೆ ಹೊಂದಿಕೊಂಡವು. ಲೆಕ್ಕ ಎರಡಕ್ಕೂ ಸೈ ಅಂದಿತು. ಇದರಲ್ಲಿ ನಿಜ ಯಾವುದು ಎಂದು ಹೇಳುವ ಶಕ್ತಿ ಲೆಕ್ಕಕ್ಕಿಲ್ಲ, ಅದನ್ನು ಮನುಷ್ಯರು ಹೇಳಬೇಕು. ಹೇಳುವ ಮನುಷ್ಯನೋ ಹೇಮಂತ್.

ಟಿ. ನರಸೀಪುರದಲ್ಲಿ ಇಳಿದು ಆ ಮನೆಗೆ ಹೋದಾಗ ಹಜಾರದ ಮೆಷಿನ್ನುಗಳನ್ನು ಗೋಡೆಗೆ ತಳ್ಳಿ ಕುರ್ಚಿ ಹಾಕಿದ್ದರು. ಹೇಮಂತ್ ಆಗಲೇ ಬಂದು ಗೋಡೆಯ ಮೇಲೆ ಚಿತ್ರ ಬೀಳಿಸುವುದಕ್ಕೆ ವೈರುಗಳನ್ನು ಸಿಕ್ಕಿಸುತ್ತಿದ್ದ. ಟ್ರಸ್ಟಿನ ಕಾರ್ಯದರ್ಶಿ ಚಿಕ್ಕಬಸಪ್ಪನವರು ಮೈಸೂರಿನಲ್ಲಿ ಅಕ್ಕಿ ಮಂಡಿ ಇಟ್ಟು ಮಕ್ಕಳಿಗೆ ವಹಿಸಿಕೊಟ್ಟ ಹಿರಿಯರು. ಬಿಳಿ ಪಂಚೆ, ಬಿಳಿ ಜುಬ್ಬ, ಒಳ್ಳೆಯ ಮುಖ. ಅವಳನ್ನು ಕಂಡು ಎದ್ದು ನಿಂತು, “ಬನ್ನಿ ತಾಯಿ, ಬಿಸ್ಲಲ್ಲಿ ಬಂದಿದ್ದೀರಿ, ಮೊದ್ಲು ಕಾಫಿ ಕುಡೀರಿ” ಎಂದರು. ಹೇಮಂತ್ ತಿರುಗದೆಯೇ, “ಮೇಡಂ, ಆ ಪ್ಲಗ್ ಸ್ವಲ್ಪ ಹಿಡ್ಕೊಳಿ, ಲೂಸಾಗಿದೆ” ಎಂದ. ಅವಳು ಹಿಡಿದುಕೊಂಡಳು. ಕೈಬಿಟ್ಟರೆ ಗೋಡೆಯ ಮೇಲಿನ ಚಿತ್ರ ಹೋಗುತ್ತಿತ್ತು, ಹಿಡಿದರೆ ಬರುತ್ತಿತ್ತು. ಹಾಗಾಗಿ ಅವನು ಮಾತಾಡಿದಷ್ಟು ಹೊತ್ತೂ, ಅವಳ ಹೆಸರೇ ಮೇಲಿರುವ ಆ ವರದಿಯನ್ನು ಅವನು ನನ್ನ ಸ್ಟಡಿ, ನನ್ನ ಸ್ಯಾಂಪಲ್ ಎಂದು ವಿವರಿಸಿದಷ್ಟು ಹೊತ್ತೂ, ಅವಳು ಗೋಡೆ ಪಕ್ಕದಲ್ಲಿ ಪ್ಲಗ್ ಒತ್ತಿಕೊಂಡು ಬಗ್ಗಿಯೇ ನಿಂತಿದ್ದಳು. ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಗುರುವಾರ. ಒಳಗೆ ಬಿಂದುವಿನ ಹಸಿರು ಸೀರೆಯ ಅಂಚು ಚಾಪೆಯ ಮೇಲೆ ಕಾಣುತ್ತಿತ್ತು, ಸಣ್ಣಗೆ ಮೂಗು ಸೀಟುವ ಸದ್ದು ಕೇಳುತ್ತಿತ್ತು.

“ಇಲ್ಲಿ ನೋಡಿ ಸಾರ್,” ಹೇಮಂತ್ ಚಿತ್ರದಲ್ಲಿ ಗೆರೆ ಎಳೆದು ಜೋಡಿಸಿದ್ದ ಎರಡು ಗುಂಡುಗಳ ಮೇಲೆ ಪಾಯಿಂಟರಿನ ಬೆಳಕು ಆಡಿಸಿದ. “ಇದು ಸಂಕಟ, ಇದು ನೆಮ್ಮದಿ. ಎರಡೂ ಬೇರೆ ಬೇರೆ. ಸಂಕಟ ಜಾಸ್ತಿ ಇದ್ದೋರಿಗೂ ನೆಮ್ಮದಿ ಸ್ಕೋರ್ ಜಾಸ್ತೀನೇ ಬಂದಿದೆ. ಅಂದ್ರೆ ಏನು, ನಮ್ಮ ಹಳ್ಳಿ ಹೆಣ್ಮಕ್ಳು ಕಷ್ಟದಲ್ಲಿದ್ರೂ ಒಳಗೆ ನೆಮ್ಮದಿಯಾಗಿದಾರೆ. ನಮ್ಮ ಸಂಸ್ಕೃತಿ ಕೊಟ್ಟಿರೋ ಶಕ್ತಿ ಸಾರ್ ಇದು. ಇವರಿಗೆ ನಮ್ಮ ಅಗತ್ಯ ಅಷ್ಟಾಗಿ ಇಲ್ಲ.”

ಚಿಕ್ಕಬಸಪ್ಪನವರ ಕಣ್ಣು ತೇವವಾದವು. “ನಿಜ ಕಣಪ್ಪ. ನಮ್ಮ ತಾಯಿ ಹನ್ನೊಂದು ಜನರ ಸಂಸಾರ ಎಳೆದ್ಲು. ಒಂದಿನ ಕಷ್ಟ ಅಂದೋಳಲ್ಲ.”

“ಅನ್ನಲಿಲ್ಲ ಅಂದ್ರೆ ಇರಲಿಲ್ಲ ಅಂತಲ್ಲ ಸಾರ್,” ಎಂದಳು ಸರ್ವಮಂಗಳಾ. ಪ್ಲಗ್ ಬಿಟ್ಟಿದ್ದಳು. ಗೋಡೆಯ ಮೇಲಿನ ಗುಂಡುಗಳು ಮಾಯವಾಗಿದ್ದವು.

ಹೇಮಂತ್ ನಕ್ಕ. ಮಕ್ಕಳು ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದಾಗ ನಗುವ ನಗು. ಅವಳು ನಿಲ್ಲಿಸಲಿಲ್ಲ. ಮುಸ್ಸಂಜೆಯ ಮಾತು ಹೇಳಿದಳು, ಹೊಸ್ತಿಲ ಮಾತು ಹೇಳಿದಳು, ಮುತ್ತಮ್ಮನ ಖಾಲಿ ಕೊಟ್ಟಿಗೆಯ ಮಾತು ಹೇಳಿದಳು. ನೆಮ್ಮದಿ ಎಂದು ಅವನು ಹೆಸರಿಟ್ಟ ಗುಂಡಿನೊಳಗೆ ಸತ್ತ ಹಸುವಿನ ಹಾಲೂ ಸೇರಿಕೊಂಡಿದೆ, ಹಾಗಿದ್ದ ಮೇಲೆ ಅದು ನೆಮ್ಮದಿ ಹೇಗಾಗುತ್ತದೆ, ಆ ಹೆಸರಿಟ್ಟವರು ಯಾರು ಎಂದು ಕೇಳಿದಳು. ಹೇಳುತ್ತ ಹೇಳುತ್ತ ದನಿ ನಡುಗಿತು, ಅದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕೋಪ ಬಂದರೆ ಅವಳಿಗೆ ಅಳು ಬರುವ ಹಾಗಾಗುತ್ತದೆ, ನೋಡುವವರು ಪಾಪ ಅಂದುಕೊಳ್ಳುತ್ತಾರೆ. ಹೇಮಂತ್ ಕೊನೆಯವರೆಗೂ ತಲೆಯಾಡಿಸುತ್ತ ಕೇಳಿದ. “ವೆರಿ ಇಂಟರೆಸ್ಟಿಂಗ್ ಮೇಡಂ. ಹಸು, ಎಣ್ಣೆ, ಮಳೆ ಎಲ್ಲಾ ನೆಮ್ಮದಿ ಜೊತೆಗೇ ಬಂದಿದೆ ಅಂದ್ರೆ ನೆಮ್ಮದಿಗೂ ಹೈನುಗಾರಿಕೆಗೂ ಸಂಬಂಧ ಇದೆ ಅಂತಾಯ್ತು. ಅದರ ಮೇಲೇ ಇನ್ನೊಂದು ಪೇಪರ್ ಮಾಡ್ಬಹುದು.” ಪಕ್ಕದ ಮೆಷಿನ್ನಿನ ಮೇಲಿದ್ದ ಕತ್ತರಿ ಅವಳ ಕಣ್ಣಿಗೆ ಬಿತ್ತು. ಏನೂ ಮಾಡಲಿಲ್ಲ. ಕಣ್ಣಿಗೆ ಬಿತ್ತು, ಅಷ್ಟೆ.

“ನಂಗೆ ಈ ಗೆರೆ ಗುಂಡು ಎಲ್ಲಾ ಅರ್ಥ ಆಗಲ್ಲ,” ಎಂದು ಚಿಕ್ಕಬಸಪ್ಪನವರು ಮೊಣಕಾಲು ಹಿಡಿದುಕೊಂಡು ಎದ್ದರು. “ನೀವಿಬ್ರೂ ಓದಿರೋರು, ಇಬ್ರ ಮಾತೂ ಸರಿಯಾಗೇ ಕಾಣ್ತದೆ. ಒಳಗೆ ಒಂದು ಹೆಣ್ಮಗಳು ಕೂತಂಗದೆ. ಅವಳನ್ನೇ ಕೇಳಿಬಿಡವಾ. ಅನುಭವಿಸೋರ ಬಾಯಲ್ಲೇ ಬರಲಿ.”

ಬೇಡ ಅನ್ನಬೇಕಾಗಿತ್ತು. ಅವಳು ಬಾಯಿ ತೆಗೆಯುವಷ್ಟರಲ್ಲಿ ಅವರು ಬಾಗಿಲು ತಳ್ಳಿದ್ದರು. ಹೊತ್ತು ಇಳಿದಿತ್ತು, ನಾಗರತ್ನ ಆಗ ತಾನೇ ಲೈಟು ಹಾಕಿ, ಗೋಡೆಯ ಶಿವನ ಪಟಕ್ಕೆ ಊದುಬತ್ತಿ ಹಚ್ಚಿ ಕೈಮುಗಿಯುತ್ತಿದ್ದಳು. ಬಿಂದು ದಡಕ್ಕನೆ ಎದ್ದು ಸೆರಗನ್ನು ಎರಡೂ ತೋಳಿನ ಮೇಲೆ ಹೊದ್ದುಕೊಂಡಳು. ಕಣ್ಣು ಊದಿಕೊಂಡಿದ್ದವು. ಕುರುಡನಿಗೂ ಕಾಣುವಂತಿದ್ದವು. ಚಿಕ್ಕಬಸಪ್ಪನವರು ಮಗಳನ್ನು ಮಾತಾಡಿಸುವ ಹಾಗೆ, “ಹೆದರ್ಕೋಬೇಡ ತಾಯಿ. ಒಂದೇ ಮಾತು ಕೇಳ್ತೀನಿ. ಮನೇಲಿ ಎಲ್ಲಾ ಚೆನ್ನಾಗಿದ್ದೀರಾ? ನೆಮ್ಮದಿ ಇದೆಯಾ?” ಎಂದರು. ಬಿಂದು ಅವರನ್ನು ನೋಡಿದಳು, ಅವರ ಹಿಂದೆ ನಿಂತ ಹೇಮಂತನನ್ನು ನೋಡಿದಳು, ಅಕ್ಕನನ್ನು ನೋಡಲಿಲ್ಲ. “ಇದೆ ಸಾ,” ಎಂದಳು. “ದೇವ್ರು ಚೆನ್ನಾಗಿ ಇಟ್ಟವ್ನೆ.”

“ನೋಡಿ ಮತ್ತೆ,” ಎಂದು ಚಿಕ್ಕಬಸಪ್ಪನವರು ತಿರುಗಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹೇಮಂತ್ ಕನ್ನಡಕ ಒರೆಸಿಕೊಂಡ. ಆ ಗಳಿಗೆಯಲ್ಲಿ ಸರ್ವಮಂಗಳೆಗೆ ಕೋಪ ಬಂದದ್ದು ಅವನ ಮೇಲಲ್ಲ, ಬಿಂದುವಿನ ಮೇಲೆ. ಇದಕ್ಕೇನೇ ನಾನು ಊರೂರು ಅಲೆದದ್ದು? ಬಿಕ್ಕಿ ಬಿಕ್ಕಿ ಅತ್ತ ಬಾಯಲ್ಲೇ, ಅತ್ತ ಕಣ್ಣೀರು ಆರುವ ಮೊದಲೇ, ದೇವ್ರು ಚೆನ್ನಾಗಿ ಇಟ್ಟವ್ನೆ. ಚಿಕ್ಕಂದಿನಲ್ಲೂ ಹೀಗೇ, ಬಿದ್ದು ಮೊಣಕಾಲು ಒಡೆದುಕೊಂಡು ಬಂದು ಏನಾಗಿಲ್ಲ ಅಕ್ಕ ಅನ್ನುತ್ತಿದ್ದಳು, ಲಂಗ ಎತ್ತಿ ನೋಡಿದರೆ ರಕ್ತ. ಎತ್ತಿ ನೋಡಬೇಕಾಗಿತ್ತು, ಯಾವಾಗಲೂ ಇವಳದ್ದು ಎತ್ತಿಯೇ ನೋಡಬೇಕಾಗಿತ್ತು. ಸರ್ವಮಂಗಳಾ ಮುಂದೆ ಹೋಗಿ ತಂಗಿಯ ಕೈ ಹಿಡಿದು ಸೆರಗು ಸರಿಸಿದಳು. ಬಿಂದು, “ಅಕ್ಕ, ಬ್ಯಾಡ” ಎಂದಳು, ಬಹಳ ಮೆತ್ತಗೆ. ಬಿಡಿಸಿಕೊಳ್ಳಲು ಕೈ ಎಳೆದಳು, ಎಳೆದಷ್ಟೂ ಸರ್ವಮಂಗಳೆಯ ಹಿಡಿತ ಬಿಗಿಯಾಯಿತು. ಅವಳು ರವಿಕೆಯ ತೋಳನ್ನು ಮೇಲಕ್ಕೆ ಮಡಚಿ, ಆ ತೋಳನ್ನು ಒಳಮಗ್ಗುಲು ಕಾಣುವಂತೆ ತಿರುಗಿಸಿ, ಲೈಟಿನ ಕೆಳಗೆ ಎತ್ತಿ ಹಿಡಿದಳು.

“ಇದೇ ಸಾರ್ ನೆಮ್ಮದಿ. ಸರಿಯಾಗಿ ನೋಡಿ. ಹೇಮಂತ್, ನೀವೂ ನೋಡಿ, ನಿಮ್ಮ ಎರಡನೇ ಫ್ಯಾಕ್ಟರ್.”

ಹೇಮಂತ್ ನೆಲ ನೋಡಿದ. ಚಿಕ್ಕಬಸಪ್ಪನವರು ಮೊದಲು ನೋಡಿದರು, ಆಮೇಲೆ ಮುಖ ತಿರುಗಿಸಿದರು. “ಶಿವ ಶಿವ,” ಎಂದರು. ಬೇರೆ ಕಡೆ ನೋಡುತ್ತಲೇ, “ಯಾರ ಮನೆ ಮಗಳು ತಾಯಿ?” ಎಂದು ಕೇಳಿದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಸರ್ವಮಂಗಳೆಯ ಬಾಯಿ ನಿಲ್ಲಲಿಲ್ಲ. “ನನ್ನ ತಂಗಿ ಸಾರ್. ಇದೇ ಊರಿನ ಗೊಬ್ಬರದಂಗಡಿ ಅಮೃತೇಶನ ಹೆಂಡ್ತಿ.” ನಾಗರತ್ನ ಬಂದು ಸರ್ವಮಂಗಳೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಂದುವಿನ ಮಣಿಕಟ್ಟಿನಲ್ಲಿ ಆ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಬಿಂದು ರವಿಕೆಯ ತೋಳು ಇಳಿಸಿಕೊಂಡು, ಚಾಪೆಯ ಮೇಲಿದ್ದ ಚೀಲ ತೆಗೆದುಕೊಂಡು, ಎಲ್ಲರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಯಾರಿಗೂ ಬರ್ತೀನಿ ಅನ್ನಲಿಲ್ಲ.

ಕೋಣೆ ಉಳಿಯಿತು. ಚಿಕ್ಕಬಸಪ್ಪನವರು ಮಾರನೆಯ ವಾರವೇ ಅವಳಿಗೆ ಫೋನ್ ಮಾಡಿ, ಟ್ರಸ್ಟಿನ ಮೀಟಿಂಗಿನಲ್ಲಿ ಒಪ್ಪಿಸಿದ್ದೇನೆ, ಕೇಂದ್ರ ಅಲ್ಲೇ ಇರುತ್ತದೆ, ನೀವು ಕಣ್ಣು ತೆರೆಸಿದಿರಿ ತಾಯಿ ಎಂದರು. ವರದಿಯಲ್ಲಿ ಮೂರನೆಯ ಮಾಡೆಲ್ಲೇ ಹೋಗಲಿ ಎಂದು ಹೇಮಂತನೂ ಒಪ್ಪಿಕೊಂಡ. ಒಪ್ಪಿಕೊಂಡು, ನಾನು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದೆ ಎಂಬಂತೆ ಅದಕ್ಕೊಂದು ಹೊಸ ಇಂಗ್ಲಿಷ್ ಹೆಸರನ್ನೂ ಇಟ್ಟ. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಏಕೆಂದರೆ ಅದೇ ಫೋನಿನಲ್ಲಿ ಚಿಕ್ಕಬಸಪ್ಪನವರು ಇನ್ನೊಂದು ಮಾತು ಹೇಳಿದ್ದರು: “ನಿಮ್ಮ ತಂಗಿ ವಿಚಾರ ನೀವೇನೂ ಯೋಚ್ನೆ ಮಾಡ್ಬೇಡಿ. ಆ ಅಮೃತೇಶನ ತಂದೆ ನಮ್ಮವರೇ, ನಮ್ಮ ಮಂಡಿಗೆ ಅಕ್ಕಿ ಹಾಕ್ತಿದ್ದೋರು. ನಾನೇ ಅವರ ಮನೆಗೆ ಹೋಗಿ, ಅಪ್ಪ ಮಗ ಇಬ್ರನ್ನೂ ಕೂರಿಸ್ಕೊಂಡು, ನಾಲ್ಕು ಬುದ್ಧಿಮಾತು ಹೇಳಿ ಬಂದಿದ್ದೀನಿ. ಹುಡುಗ ತಲೆ ತಗ್ಗಿಸಿ ಕೇಳ್ದ. ಒಳ್ಳೇ ಹುಡುಗ.” ಯಾರು ಹೇಳಿದರು ಎಂದು ಆ ಅಪ್ಪ ಮಗ ಕೇಳಲಿಲ್ಲವೇ ಎಂದು ಕೇಳುವುದಕ್ಕೂ ಸರ್ವಮಂಗಳೆಗೆ ಬಾಯಿ ಬರಲಿಲ್ಲ. ಕೇಳಿರುತ್ತಾರೆ. ಇವರು ಹೇಳಿರುತ್ತಾರೆ. ಎಲ್ಲಿ ನೋಡಿದೆ, ಯಾವ ಕೋಣೆಯಲ್ಲಿ, ಯಾರು ತೋಳು ಎತ್ತಿ ತೋರಿಸಿದರು, ಎಲ್ಲವನ್ನೂ ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ. ಒಳ್ಳೆಯ ಮನಸ್ಸಿನವರನ್ನು ಕಂಡರೆ ಅವಳಿಗೆ ಈಗ ಕೊರಳು ಹಿಸುಕಬೇಕು ಅನ್ನಿಸುತ್ತದೆ. ಆದರೆ ಅಮೃತೇಶನ ಹೆಸರು ಚಿಕ್ಕಬಸಪ್ಪನವರಿಗೆ ಸಿಕ್ಕಿದ್ದು ಎಲ್ಲಿಂದ?

ಆ ವಾರದ ಗುರುವಾರ ಬಿಂದು ಕೋಣೆಗೆ ಬರಲಿಲ್ಲ, ಅದರ ಮುಂದಿನ ಗುರುವಾರವೂ ಬರಲಿಲ್ಲ ಎಂದು ನಾಗರತ್ನ ತಿಳಿಸಿದಳು. ಬಿಂದುವಿಗೆ ಫೋನ್ ಮಾಡಿದರೆ ಅತ್ತೆ ಎತ್ತಿಕೊಂಡು, ಪೂಜೆಗೆ ಕೂತವ್ಳೆ ಅನ್ನುತ್ತಿದ್ದಳು, ಸ್ನಾನಕ್ಕೆ ಹೋಗವ್ಳೆ ಅನ್ನುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ, ತಾನು ಪಾಠ ಮಾಡುವ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮಿಕ್ಕವರೆಲ್ಲ ಊಟದ ಡಬ್ಬಿ ಬಿಚ್ಚುತ್ತಿದ್ದಾಗ, ಬಿಂದುವೇ ಎತ್ತಿಕೊಂಡಳು. ಸರ್ವಮಂಗಳಾ ಫೋನ್ ಹಿಡಿದು ಹೊರಗೆ ಓಡಿ ಹೊಂಗೆ ಮರದ ಕೆಳಗೆ ನಿಂತಳು. ಕ್ಷಮಿಸು ಅನ್ನಬೇಕು ಎಂದುಕೊಂಡೇ ಓಡಿದ್ದು. ಆ ಮಾತು ಬರಲಿಲ್ಲ. ಬೈಗುಳದ ಹಾಗೆ, “ಹೇಗಿದೀಯೇ?” ಎಂದು ಬಂತು.

“ಚೆನ್ನಾಗಿದೀನಿ ಅಕ್ಕ.”

“ನಿದ್ದೆ ಬರ್ತಾ ಇದೆಯಾ?”

“ಬತ್ತದೆ.”

“ಅವನು ಏನಾದ್ರೂ ಮಾಡಿದ್ನಾ? ನಿಜ ಹೇಳು. ನಾನು ಕಣೇ ಕೇಳ್ತಿರೋದು, ಬೇರೆ ಯಾರೂ ಅಲ್ಲ.”

“ಏನ್ ಮಾಡ್ತಾರೆ ಅಕ್ಕ. ಚೆನ್ನಾಗಿ ನೋಡ್ಕತಾರೆ. ನೆಮ್ಮದಿಯಾಗಿದೀನಿ.”

ಅದೇ ದನಿ. ಏರಿಲ್ಲ, ಇಳಿದಿಲ್ಲ. ಎಷ್ಟು ಹೊಸ್ತಿಲುಗಳ ಹೊರಗೆ ನಿಂತು ಕೇಳಿದ ದನಿ ಅದು, ಅದನ್ನು ಗುರುತು ಹಿಡಿಯುವುದರಲ್ಲಿ ಈ ಜಿಲ್ಲೆಯಲ್ಲೇ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಸರ್ವಮಂಗಳೆಗೆ ಎದೆಯಿಂದ ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ಹಾಕಬೇಕೋ ತಿಳಿಯದ ಸಿಟ್ಟು. ಮರದ ಬೊಡ್ಡೆಗೆ ಕೈಯಿಂದ ಗುದ್ದಿದಳು, ನೋವಾಯಿತು. ಅತ್ತ ಕಡೆಯಿಂದ ಕುಕ್ಕರಿನ ಸದ್ದು, ಯಾರೋ ಕೆಮ್ಮಿದ ಸದ್ದು ಕೇಳಿತು.

“ನಾನು ಬರ್ತೀನಿ ಕಣೇ ನಿಮ್ಮ ಮನೆಗೆ. ಈಗ್ಲೇ ಹೊರಡ್ತೀನಿ. ಅವನು ಅಂಗಡಿಗೆ ಹೋಗಿರ್ತಾನಲ್ಲ, ನಾವಿಬ್ರೇ ಕೂತು ಮಾತಾಡೋಣ.”

ಅತ್ತ ಕಡೆ ಕುಕ್ಕರು ಇನ್ನೊಮ್ಮೆ ಕೂಗಿತು.

“ಬಾ ಅಕ್ಕ,” ಎಂದಳು. “ಅವ್ರು ಮನೇಲಿರೋವಾಗ ಬಾ.”